ಖಾಲಿ ಬಿಟ್ಟ ನಾಲ್ಕನೇ ದಾರಿ

1997ರ ಜೂನ್ 3, ಮಂಗಳವಾರ, ಬೆಳಿಗ್ಗೆ 10 ಗಂಟೆ 20 ನಿಮಿಷ.

ಇಕೆಗಾಯಾ ತೊಮೊಯೆ ಆ ಕಾರ್ಡನ್ನು ಲ್ಯಾಪ್‌ಟಾಪಿನ ಪಕ್ಕದ ಸೀಳಿಗೆ ತಳ್ಳಿದಳು. ಬ್ಯಾಂಕ್ ಕಾರ್ಡಿನಷ್ಟು ಅಗಲ, ಒಂದು ಬಿಸ್ಕತ್ತಿನಷ್ಟು ದಪ್ಪ. ಕಟಕ್ಕೆಂದು ಒಳಗೆ ಕೂತಿತು. ಅದರ ಬಾಲದಿಂದ ಹೊರಟ ನಾಲ್ಕು ತಂತಿಗಳು ಕಾಗದದ ಕಾರ್ಖಾನೆಯ ಸಭೆಯ ಮೇಜಿನ ಮೇಲೆ, ಚಹಾದ ಲೋಟಗಳ ನಡುವೆ ಬಿದ್ದುಕೊಂಡವು.

"ಇದನ್ನ ಗುರುತಿಸ್ತೀರಾ, ಕುರೊಯಾನಾಗಿ-ಸಾನ್?"

"ನಮ್ಮ ಕಂಪನಿಯದು. ಲ್ಯಾಪ್‌ಟಾಪೂ ನಮ್ದೇ," ಎಂದ ಎದುರಿಗೆ ಕೂತಿದ್ದವನು. ಐವತ್ತಾರರ ಕುರೊಯಾನಾಗಿ ಯಂತ್ರ ಪರೀಕ್ಷಾ ಕಂಪನಿಯೊಂದರ ಮುಖ್ಯ ಇಂಜಿನಿಯರ್. ಕೋಟಿನ ತೋಳಿನ ಮೇಲೆ ಕೂತಿದ್ದ ಕಾಗದದ ಹಿಟ್ಟನ್ನು ಎರಡು ಬೆರಳಿನಿಂದ ಕೊಡವಿದ. "ನಿಮ್ಮ ದೂರಿನ ಮೇಲೆ ಮೂರು ವಾರದಿಂದ ಸರ್ಕಾರದೋರು ಇಟ್ಕೊಂಡಿದ್ದಾರೆ. ವಾಪಸ್ ಕೊಡೋವಾಗ ಒರೆಸಿ ಕೊಡ್ತೀರಿ ಅಂತ ಅನ್ಕೊಂಡಿದೀನಿ."

ಈ ಧ್ವನಿಯನ್ನು ತೊಮೊಯೆ ಮೊದಲು ಕೇಳಿದ್ದು ತಮ್ಮ ಕೊಹೇಯ್‌ನ ಶವದ ಮುಂದೆ. ಧೂಪ ಹಚ್ಚಿ, ಅಳತೆಗೆ ಸರಿಯಾಗಿ ಬಾಗಿ, ಅವಳ ತಾಯಿಗೆ ಇವನು ಹೇಳಿದ್ದು ಒಂದೇ ಮಾತು. "ಯೌವನದ ದುಡುಕು, ತಾಯೀ. ಏನ್ ಮಾಡೋಕಾಗುತ್ತೆ."

ಮೇ 14ರಂದು ಇದೇ ಕಾರ್ಖಾನೆಯ ಎರಡನೇ ಯಂತ್ರದಲ್ಲಿ ಕಾಗದ ಒಣಗಿಸುವ ಉರುಳೆಯೊಂದು ಓಡುತ್ತಲೇ ಸೀಳಿ ಕೊಹೇಯ್‌ನನ್ನು ಕೊಂದಿತ್ತು. ಅದಕ್ಕೆ ಎರಡೇ ದಿನ ಮೊದಲು ಕುರೊಯಾನಾಗಿ ಅಲ್ಲಿ ಅಳೆದು ತೆಗೆದ ದಾಖಲೆಯ ಪ್ರಕಾರ ಉರುಳೆ ನಡುಗುತ್ತಲೇ ಇರಲಿಲ್ಲ. ಸೀಳು ಬಿಟ್ಟ ಉರುಳೆ ನಡುಗುತ್ತದೆ; ಇದು ಗಟ್ಟಿಯಾಗಿತ್ತು ಎಂದಾದರೆ ತಪ್ಪು ಓಡಿಸಿದವನದು. ಹುಡುಗ ಮಿತಿ ಮೀರಿ ವೇಗ ಏರಿಸಿದ, ಸತ್ತ. ಶುಕ್ರವಾರದ ವಿಚಾರಣೆಯಲ್ಲಿ ಈ ಮಾತು ಸರ್ಕಾರದ ಮೊಹರಿನೊಂದಿಗೆ ಶಾಶ್ವತವಾಗಲಿತ್ತು.

ತೊಮೊಯೆಗೆ ಕುರೊಯಾನಾಗಿಯ ಕ್ಷಮಾಪಣೆ ಬೇಕಿರಲಿಲ್ಲ. ಕ್ಷಮೆ ಕೇಳಿದರೆ ಕ್ಷಮಿಸಬೇಕಾಗುತ್ತದೆ. ಅವಳಿಗೆ ಬೇಕಾಗಿದ್ದು ಆ ಬಾಯಿಂದ ಇನ್ನೊಂದು ಮಾತು ಹೊರಡದಂತಾಗುವುದು.

"ಇಕೆಗಾಯಾ-ಸಾನ್," ಎಂದ ಮೇಜಿನ ತುದಿಯಲ್ಲಿದ್ದ ಮಿನೊಬೆ. ಕಾರ್ಮಿಕ ಇಲಾಖೆಯ ತನಿಖಾಧಿಕಾರಿ, ಮೂವತ್ತೆರಡರ ದುಂಡುಮುಖದವನು. ಜೂನ್ ತಿಂಗಳ ಧಗೆಗೆ ಅವನ ಕಾಲರು ಆಗಲೇ ಒದ್ದೆಯಾಗಿತ್ತು. "ನಾನು ಕಾನೂನು ಓದಿದೋನು. ಈ ಕಾರ್ಡು ಏನ್ ಮಾಡುತ್ತೆ ಅಂತ ಕೂಸಿಗೆ ಹೇಳೋ ಹಾಗೆ ಹೇಳಿ. ಆಮೇಲೆ ಜಗಳ ಆಡಿ."

"ಯುಯಿ ಬಂದರಿನಲ್ಲಿ ಸೀಗಡಿ ಹರಾಜು ನೋಡಿದೀರಲ್ಲ?"

"ತಿಂದೂ ಇದೀನಿ."

"ತೂಗೋನು ಒಬ್ಬನೇ. ದೋಣಿ ನಾಲ್ಕು. ಒಂದು ದೋಣಿ ಬುಟ್ಟಿ ತಗೋತಾನೆ, ತಕ್ಕಡೀಲಿ ಇಡ್ತಾನೆ, ಅಂಕಿ ಕೂಗ್ತಾನೆ, ಮುಂದಿನ ದೋಣಿಗೆ ಹೋಗ್ತಾನೆ. ಈ ಕಾರ್ಡೂ ಅಷ್ಟೆ. ನಾಲ್ಕು ತಂತಿ, ನಾಲ್ಕು ದಾರಿ. ಒಳಗೆ ಅಳೆಯೋದು ಒಂದೇ ಒಂದು ಚಿಪ್. ಒಂದನೇ ದಾರಿ ತೆರೆದು, ಅಲ್ಲಿರೋ ವೋಲ್ಟೇಜನ್ನ ಆ ಕ್ಷಣಕ್ಕೆ ಹಿಡಿದು ನಿಲ್ಲಿಸುತ್ತೆ. ನಾಲ್ಕು ಸಾವಿರದ ತೊಂಬತ್ತಾರು ಮೆಟ್ಟಿಲಿನ ಏಣಿ ಪಕ್ಕ ಇಟ್ಟು, ಎಷ್ಟನೇ ಮೆಟ್ಟಿಲಿಗೆ ತಲೆ ಮುಟ್ಟುತ್ತೆ ಅಂತ ನೋಡುತ್ತೆ. ಆ ಮೆಟ್ಟಿಲಿನ ನಂಬರೇ ಅಳತೆ. ಆಮೇಲೆ ಎರಡನೇ ದಾರಿ, ಮೂರನೇದು, ನಾಲ್ಕನೇದು, ತಿರುಗಿ ಒಂದನೇದು. ಸೆಕೆಂಡಿಗೆ ಸಾವಿರ ಸುತ್ತು."

"ಸಾವಿರ!" ಎಂದ ಮಿನೊಬೆ. "ಯುಯಿಯ ಮುದುಕ ಒಂದು ಬುಟ್ಟಿ ತೂಗೋದ್ರಲ್ಲಿ ಮಳೆಗಾಲ ಕಳೆದಿರುತ್ತೆ."

"ಕಂಪ್ಯೂಟರ್ ಬೇರೆ ಕೆಲಸದಲ್ಲಿದ್ರೆ ಅಂಕಿಗಳು ಕಾರ್ಡಿನ ಒಳಗೇ ಸಾಲಾಗಿ ಕಾಯ್ತವೆ. ಮೊದಲು ಬಂದದ್ದು ಮೊದಲು ಹೋಗುತ್ತೆ. ಒಂದೂ ತಪ್ಪಿಸ್ಕೊಳ್ಳಲ್ಲ."

"ಪಾಠ ಚೆನ್ನಾಗಿದೆ," ಎಂದ ಕುರೊಯಾನಾಗಿ. "ನಮ್ಮ ಹೊಸ ಹುಡುಗರಿಗೆ ಬಂದು ಹೇಳ್ಕೊಡಿ. ಮೀಟರ್ ರಿಪೇರಿ ಅಂಗಡೀಲಿ ಎಷ್ಟು ದಿನ ಅಂತ ಇರ್ತೀರಿ?"

ಈ ಕಾರ್ಖಾನೆ ನದಿಯ ಪಶ್ಚಿಮದ ದಡದಲ್ಲಿದ್ದರೆ, ಅವಳ ಅಂಗಡಿ ಪೂರ್ವದ ದಡದಲ್ಲಿ, ಫುಜಿ ಪಟ್ಟಣದಲ್ಲಿತ್ತು. ಎರಡೇ ಕೋಣೆ. ಒಂದರಲ್ಲಿ ಅಳತೆಯ ಉಪಕರಣಗಳು, ಇನ್ನೊಂದರಲ್ಲಿ ಅವಳು. ಏಪ್ರಿಲ್‌ನಲ್ಲಿ ಈ ಕೆಲಸ ಸಿಕ್ಕಿ ನದಿ ದಾಟುವವರೆಗೆ ಕೊಹೇಯ್ ಕೂಡ ಅಲ್ಲೇ ಮಲಗುತ್ತಿದ್ದ.

"ನಿಮ್ಮ ದಾಖಲೇಲಿ ಮೂರು ದಾರಿಗೆ ಮೂರು ಸೆನ್ಸರ್ ಕಟ್ಟಿದೀರಿ," ಎಂದಳು ತೊಮೊಯೆ. "ಮೂರೂ ಉರುಳೆಯ ಬೇರಿಂಗಿನ ಮೇಲೆ. ನಾಲ್ಕನೇದಕ್ಕೆ?"

"ಏನೂ ಇಲ್ಲ. ಬೇಕಿರಲಿಲ್ಲ."

"ಬೇಡದ ದಾರಿಯನ್ನ ಅರ್ಥಿಂಗ್ ತಂತಿಗೆ ಕಟ್ಟಬೇಕು. ಸೊನ್ನೆ ಅಂತ ಸುಮ್ಮನಿರುತ್ತೆ."

"ಪುಸ್ತಕದ ಮಾತು. ಯಾರ್ ಮಾಡ್ತಾರೆ ಹೇಳಿ? ನೀವು ಮಾಡ್ತೀರಾ?"

"ಮಾಡ್ತೀನಿ."

ಮಿನೊಬೆ ಕೆಮ್ಮಿದ. ಅವನ ಪಕ್ಕದಲ್ಲಿದ್ದ ಕಾರ್ಖಾನೆಯ ಮ್ಯಾನೇಜರ್, ಎಪ್ಪತ್ತು ಸಮೀಪಿಸಿದ ಅಮಾನೋ, ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅದರೊಳಗೇ ನೋಡುತ್ತಿದ್ದ.

"ಕಟ್ಟದೆ ಬಿಟ್ರೆ ಏನಾಗುತ್ತೆ?" ಎಂದ ಮಿನೊಬೆ.

"ತೂಗೋನು ನಾಲ್ಕನೇ ದೋಣಿಗೆ ಬರ್ತಾನೆ. ದೋಣೀನೇ ಇಲ್ಲ. ಆದ್ರೂ ತಕ್ಕಡಿ ನೋಡ್ತಾನೆ. ಅದ್ರಲ್ಲಿ ಎರಡು ಇರುತ್ತೆ. ಒಂದು, ಮೂರನೇ ದೋಣಿಯ ಎಂಜಲು. ಹಿಂದಿನ ಅಳತೆಯ ಚೂರು ಚಾರ್ಜು ಒಳಗೆ ಉಳಿದಿರುತ್ತೆ, ಹೋಗೋಕೆ ಜಾಗ ಇರಲ್ಲ. ಅದನ್ನ ಲೆಕ್ಕ ಹಾಕಿ ಕಳೆದುಬಿಟ್ಟೆ. ಆಮೇಲೆ ಉಳಿದದ್ದು ಎರಡನೇದು. ನೇತಾಡೋ ತಂತಿ ಅಂದ್ರೆ ಆಂಟೆನಾ. ಸುತ್ತಲಿನ ದೀಪ, ಮೋಟಾರು, ಗೋಡೆಯೊಳಗಿನ ವೈರು, ಎಲ್ಲದರ ಗುಂಯ್‌ಗುಟ್ಟೋ ಸದ್ದನ್ನ ಹಿಡಿದು ಬರೆದಿಡುತ್ತೆ. ಈ ಕೋಣೇಲಿ ಈಗ ಏನಿದೆ ನೋಡಿ."

ಅವಳು ನಾಲ್ಕನೇ ತಂತಿಯ ತುದಿಯನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಗುಂಡಿ ಒತ್ತಿದಳು. ತೆರೆಯ ಮೇಲೆ ಅಲೆ ಮೂಡಿತು. ಅದರ ಕೆಳಗೆ ಒಂದು ಅಂಕಿ.

60.

"ಸೆಕೆಂಡಿಗೆ ಅರವತ್ತು ಅಲೆ," ಎಂದ ಮಿನೊಬೆ. "ನಮ್ಮ ದೇಶದ ಕರೆಂಟು ಈ ನದಿಯ ಪಶ್ಚಿಮಕ್ಕೆ ಅರವತ್ತು, ಪೂರ್ವಕ್ಕೆ ಐವತ್ತು. ಇದು ಹಾಲು ಕುಡಿಯೋ ಕೂಸಿಗೂ ಗೊತ್ತು. ನಮ್ಮಮ್ಮ ಆ ದಡದಿಂದ ಈ ದಡಕ್ಕೆ ಮದುವೆಯಾಗಿ ಬಂದಾಗ ತವರಿಂದ ಕರೆಂಟಿನ ಅಲೆ ಎಣಿಸಿ ಓಡೋ ಗಡಿಯಾರ ತಂದಿದ್ರಂತೆ. ದಿನಕ್ಕೆ ಐದು ಗಂಟೆ ಮುಂದೆ ಓಡ್ತಿತ್ತು. ನಿಮ್ಮಮ್ಮ ಬಂದ್ಮೇಲೆ ನಂಗೆ ಬೇಗ ವಯಸ್ಸಾಯ್ತು ಕಣೋ ಅಂತ ಅಪ್ಪ ಈಗಲೂ ಹೇಳ್ತಾರೆ."

ಅಮಾನೋ ಕೂಡ ನಕ್ಕ. ಕುರೊಯಾನಾಗಿ ನಗಲಿಲ್ಲ.

ತೊಮೊಯೆ ಅದೇ ಲ್ಯಾಪ್‌ಟಾಪಿನಲ್ಲಿದ್ದ ಮೇ 12ರ ದಾಖಲೆಯನ್ನು ತೆರೆದಳು. ನಾಲ್ಕನೇ ದಾರಿ. ಅಲೆ ಮೂಡಿತು. ಎಲ್ಲರಿಗೂ ಕಾಣುವ ಹಾಗೆ ತೆರೆಯನ್ನು ತಿರುಗಿಸಿದಳು.

50.

ಗೋಡೆಯಾಚೆ ಲಾರಿಯೊಂದು ಹಿಂದೆ ಹೋಗುತ್ತ ಕೂಗುತ್ತಿತ್ತು.

"ಈ ದಾಖಲೆ ಈ ದಡದ್ದಲ್ಲ," ಎಂದಳು. ಧ್ವನಿ ಏರಿಸಲಿಲ್ಲ. ಮೂರು ವಾರದಿಂದ ಈ ವಾಕ್ಯವನ್ನು ಅವಳು ಸ್ನಾನದ ನೀರಿನಲ್ಲಿ ಕೂತು, ಬಸ್ಸಿಗೆ ಕಾಯುತ್ತ, ತಮ್ಮನ ಫೋಟೋದ ಮುಂದೆ ಅನ್ನ ಇಡುತ್ತ ಹೇಳಿಕೊಂಡಿದ್ದಳು. "ನೀವು ಮೇ 12ಕ್ಕೆ ಆ ಉರುಳೆ ಹತ್ತಿರ ಹೋಗಲೇ ಇಲ್ಲ. ಪೂರ್ವದ ದಡದ ಯಾವುದೋ ಗಟ್ಟಿ ಉರುಳೆಯನ್ನ ಅಳೆದು, ತಂದು, ಈ ಕಾರ್ಖಾನೆ ಹೆಸರು ಅಂಟಿಸಿದ್ರಿ. ನನ್ನ ತಮ್ಮ ಸೀಳು ಬಿಟ್ಟ ಉರುಳೆ ಪಕ್ಕ ನಿಂತಿದ್ದ. ಅದು ನಡುಗ್ತಾ ಇತ್ತು ಅಂತ ಅವನಿಗೆ ಹೇಳೋರು ಯಾರೂ ಇರಲಿಲ್ಲ."

"ಗಡಿಯಾರ," ಎಂದ ಕುರೊಯಾನಾಗಿ ತಕ್ಷಣ.

"ಏನು ಗಡಿಯಾರ?"

"ಹಳೇ ಲ್ಯಾಪ್‌ಟಾಪು. ಅದರ ಗಡಿಯಾರ ಐದರಲ್ಲೊಂದು ಪಾಲು ಮುಂದೋಡಿದ್ರೆ ಅರವತ್ತು ಐವತ್ತಾಗಿ ಕಾಣುತ್ತೆ. ಮಿನೊಬೆ-ಸಾನ್ ಅವರ ತಾಯಿಯ ಗಡಿಯಾರದ ಹಾಗೆ."

ತೊಮೊಯೆಯ ಬಳಿ ಉತ್ತರ ಸಿದ್ಧವಾಗಿತ್ತು. ಇಷ್ಟು ಬೇಗ ಕೇಳುತ್ತಾನೆಂದು ಅವಳು ಎಣಿಸಿರಲಿಲ್ಲ, ಅಷ್ಟೆ.

"ಅಳತೆಗೆ ತಾಳ ಹಾಕೋದು ಕಂಪ್ಯೂಟರ್ ಅಲ್ಲ. ಕಾರ್ಡಿನಲ್ಲೇ ಒಂದು ಸ್ಫಟಿಕ ಇದೆ, ಕೈಗಡಿಯಾರದಲ್ಲಿ ಇರೋ ಹಾಗೆ. ಅದು ಕೆಟ್ರೂ ಹತ್ತು ಸಾವಿರಕ್ಕೆ ಒಂದು ತಪ್ಪಬಹುದು. ಐದಕ್ಕೆ ಒಂದಲ್ಲ. ಮೇಲಾಗಿ ಇದು ಅದೇ ಕಾರ್ಡು, ಅದೇ ಲ್ಯಾಪ್‌ಟಾಪು. ಈಗ ತಾನೆ ಅರವತ್ತನ್ನ ಅರವತ್ತು ಅಂತಲೇ ತೋರಿಸ್ತು."

ಮಿನೊಬೆ ಬೆವರು ಒರೆಸುವುದನ್ನು ನಿಲ್ಲಿಸಿ ಕುರೊಯಾನಾಗಿಯನ್ನು ನೋಡಿದ. ಅಮಾನೋ ಕೂಡ ತಲೆ ಎತ್ತಿದ.

ಕುರೊಯಾನಾಗಿ ಚಹಾ ಕುಡಿದ. ಲೋಟ ಕೆಳಗಿಟ್ಟು, ಅದರ ಬಾಯಿಯನ್ನು ಹೆಬ್ಬೆರಳಿನಿಂದ ಒರೆಸಿದ.

"ಇಕೆಗಾಯಾ-ಸಾನ್, ಒಂದು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಎರಡನೇ ಯಂತ್ರದ ಹಾಲಿನೊಳಗೆ ನೀವು ಯಾವತ್ತಾದ್ರೂ ಕಾಲಿಟ್ಟಿದೀರಾ?"

ಇಟ್ಟಿರಲಿಲ್ಲ. ಹಾಲಿಗೆ ಇಲಾಖೆಯ ಬೀಗಮುದ್ರೆ ಇತ್ತು. ನಿನ್ನೆ ಸಂಜೆಯಷ್ಟೇ ತೆಗೆದಿದ್ದರು.

"ಹಾಗಾದ್ರೆ ಬನ್ನಿ," ಎಂದು ಅವನು ಎದ್ದ. "ಆ ಕಾರ್ಡನ್ನೂ ತನ್ನಿ. ನೇತಾಡೋ ತಂತಿ ಸಮೇತ."

*

ಯಂತ್ರ ಓಡುತ್ತಿತ್ತು.

ಅದನ್ನು ನೋಡಿ ತೊಮೊಯೆಯ ಕಾಲು ಬಾಗಿಲಲ್ಲೇ ನಿಂತಿತು. ಒಡೆದ ಉರುಳೆಯನ್ನು ಕಿತ್ತು, ಕಾಗದವನ್ನು ಅದರ ಜಾಗದ ಮೇಲಿಂದ ಹಾಯಿಸಿ, ಉಳಿದ ಉರುಳೆಗಳಿಂದಲೇ ಬೆಳಿಗ್ಗೆಯಿಂದ ಓಡಿಸುತ್ತಿದ್ದರು. ಹಲ್ಲು ಬಿದ್ದ ಬಾಯಿಯ ಹಾಗೆ ಆ ಒಂದು ಜಾಗ ಮಾತ್ರ ಖಾಲಿ. ಕೆಳಗಿನ ಕಾಂಕ್ರೀಟಿಗೆ ಹೊಸ ಬೂದು ಬಣ್ಣ ಬಳಿದಿದ್ದರು. ಕೊಹೇಯ್‌ನ ನಲವತ್ತೊಂಬತ್ತನೇ ದಿನದ ಪೂಜೆ ಇನ್ನೂ ಆಗಿರಲಿಲ್ಲ. ಅವನ ಜೀವ ಇನ್ನೂ ಈ ಲೋಕದ ಹೊಸ್ತಿಲಲ್ಲೇ ಇದೆ ಎಂದು ತಾಯಿ ನಂಬಿದ್ದಳು.

"ಎಲ್ಲಿ ಇಡಲಿ?" ಎಂದಳು.

"ಎಲ್ಲಾದ್ರೂ," ಎಂದ ಕುರೊಯಾನಾಗಿ.

ಅವಳು ಆ ಬೂದು ಬಣ್ಣದ ಮೇಲೆ ಮಡಿಸುವ ಮೇಜನ್ನು ಬಿಡಿಸಿ ಲ್ಯಾಪ್‌ಟಾಪ್ ಇಟ್ಟಳು. ನಾಲ್ಕನೇ ತಂತಿಯನ್ನು ನೇತಾಡಲು ಬಿಟ್ಟು ಗುಂಡಿ ಒತ್ತಿದಳು.

50.

ತಂತಿಯನ್ನು ಕೈಯಿಂದ ಸರಿಸಿದಳು. ಇನ್ನೊಮ್ಮೆ ಒತ್ತಿದಳು.

50.

"ಅಮಾನೋ-ಸಾನ್, ನೀವೇ ಹೇಳಿಬಿಡಿ," ಎಂದ ಕುರೊಯಾನಾಗಿ. ಯಂತ್ರದ ಸದ್ದಿನ ಮೇಲೆ ಅವನು ಕೂಗಬೇಕಾಗಿತ್ತು. ಕೂಗಿದಾಗಲೂ ಆ ಧ್ವನಿ ನಯವಾಗಿಯೇ ಇತ್ತು.

ಮುದುಕ ಅಮಾನೋ ಅವಳ ಕಡೆ ನೋಡದೆ ಹೇಳಿದ. "ಈ ಯಂತ್ರ ನಮ್ದಲ್ಲ ತಾಯಿ. ಅಂದ್ರೆ, ಹುಟ್ಟಿದ್ದು ಇಲ್ಲಲ್ಲ. ಇಪ್ಪತ್ತು ವರ್ಷದ ಹಿಂದೆ ಆ ದಡದಿಂದ ಸೆಕೆಂಡ್ ಹ್ಯಾಂಡ್ ತಂದಿದ್ದು. ಮೋಟಾರುಗಳೆಲ್ಲ ಐವತ್ತರವು. ಅಷ್ಟನ್ನೂ ಬದಲಾಯಿಸೋ ಬದಲು ಈ ಹಾಲಿಗೇ ಅಂತ ನಮ್ಮದೇ ಒಂದು ಜನರೇಟರ್ ಇಟ್ವಿ. ಬಾಯ್ಲರಿನ ಸ್ಟೀಮಿನಿಂದ ಓಡುತ್ತೆ. ಇದರ ಅವಳಿ ಜವಳಿ ಯಂತ್ರ ಮಾತ್ರ ಇನ್ನೂ ಆ ದಡದಲ್ಲೇ..."

"ಸಾಕು, ಸಾಕು," ಎಂದು ಕುರೊಯಾನಾಗಿ ಅವನ ಭುಜ ತಟ್ಟಿದ. "ನಿಮ್ಮ ಗಂಟಲಿಗೆ ಒಳ್ಳೇದಲ್ಲ ಈ ಹಬೆ."

ಮಿನೊಬೆಯ ಮುಖ ಕೆಂಪಾಗಿತ್ತು. "ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ನನ್ನನ್ನ ಯಾರು ಕೇಳಿದ್ರು? ಪಾಠ ನಡೀತಿತ್ತಲ್ಲ. ಸೀಗಡಿ, ತಕ್ಕಡಿ, ನಿಮ್ಮ ತಾಯಿಯವರು..." ಅವನು ತೊಮೊಯೆಯ ಕಡೆ ತಿರುಗಿದ. "ನಾನೂ ಮನುಷ್ಯ. ತಮ್ಮನನ್ನ ಕಳ್ಕೊಂಡ ಹೆಣ್ಣು ಬಯ್ದರೆ ಬಯ್ಯಿಸ್ಕೋತೀನಿ. ಆದ್ರೆ ಸರ್ಕಾರದ ಮುಂದೆ ನನ್ನನ್ನ ಕಳ್ಳ ಅಂದ್ರಲ್ಲ, ಅದಕ್ಕೇನ್ ಮಾಡೋಣ?"

ತೊಮೊಯೆ ಮೂರು ವಾರ ಕಟ್ಟಿದ್ದು ಒಂದು ಅಂಕಿಗೆ ಕುಸಿದಿತ್ತು. ಯಾವ ಕೊಠಡಿಯಲ್ಲಿ ಅಳೆದರೋ ಆ ಕೊಠಡಿಯನ್ನೇ ನೋಡದೆ ತೀರ್ಪು ಹೇಳಿದ್ದಳು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅವಳೇ ನಕ್ಕು ಬಾಗಿಲು ತೋರಿಸುತ್ತಿದ್ದಳು. ಅವಳ ಕಣ್ಣು ತೆರೆಯ ಮೇಲೇ ಇತ್ತು, ಎತ್ತುವ ಧೈರ್ಯವಿಲ್ಲದ್ದಕ್ಕೆ.

50.

50.

49.

50.

ತಲೆಯ ಮೇಲಿನ ದೀಪ ಒಮ್ಮೆ ಮಂಕಾಗಿ ಮತ್ತೆ ಸರಿಹೋಯಿತು.

"ದೀಪ ನೋಡಿ ಹೆದರಬೇಡಿ," ಎಂದ ಅಮಾನೋ. ಅವಳಿಗಾಗಿ ಏನಾದರೂ ಹೇಳಬೇಕೆನಿಸಿತ್ತೇನೋ. "ಉರುಳೆಗಳು ಸ್ಟೀಮ್ ಎಳೆದಾಗಲೆಲ್ಲ ಜನರೇಟರು ಮುಗ್ಗರಿಸುತ್ತೆ. ನನ್ನ ಮಂಡಿ ಹಾಗೆ. ಇಪ್ಪತ್ತು ವರ್ಷದಿಂದ ಹೀಗೇ."

ತೊಮೊಯೆ ತೆರೆಯ ಹತ್ತಿರಕ್ಕೆ ಬಗ್ಗಿದಳು.

ಈ ತೆರೆ ಪೂರ್ಣಾಂಕವನ್ನಷ್ಟೇ ತೋರಿಸುತ್ತಿತ್ತು. ನಲವತ್ತೊಂಬತ್ತೂವರೆಯಿಂದ ಐವತ್ತೂವರೆಯವರೆಗೆ ಎಲ್ಲವೂ ಅದಕ್ಕೆ ಐವತ್ತೇ. ಆ ಒಂದು ಕ್ಷಣ ಅದಕ್ಕಿಂತ ಕೆಳಗೆ ಜಾರಿದ್ದಕ್ಕೆ 49 ಕಂಡಿತ್ತು. ಬಡ ಜನರೇಟರಿನ ಐವತ್ತು ಕುಡುಕನ ನಡಿಗೆ. ಇಡೀ ಅರ್ಧ ದೇಶಕ್ಕೆ ಕರೆಂಟು ಕೊಡುವ ದೊಡ್ಡ ಜಾಲದ ಐವತ್ತು ಹಾಗಲ್ಲ, ಅದನ್ನು ಒಂದು ಕಾರ್ಖಾನೆಯ ಸ್ಟೀಮು ಅಲುಗಿಸಲಾರದು.

ಮೇ 12ರ ದಾಖಲೆಯ ಐವತ್ತು ಯಾವ ಜಾತಿಯದು?

ಅವಳಿಗೆ ಗೊತ್ತಿರಲಿಲ್ಲ. ಇಲಾಖೆ ಕೊಟ್ಟ ನಕಲಿನಲ್ಲಿ ಇಡೀ ದಾಖಲೆಯನ್ನು ಒಟ್ಟಿಗೆ ಲೆಕ್ಕ ಹಾಕಿದ್ದಳು. ತುಂಡು ಮಾಡಿ ನೋಡಿರಲಿಲ್ಲ. ಅದರಲ್ಲೂ ಇದೇ ಮುಗ್ಗರಿಕೆ ಇದ್ದರೆ ಕುರೊಯಾನಾಗಿ ನಿಜವಾಗಿ ಇಲ್ಲಿ ನಿಂತು ಅಳೆದಿದ್ದ, ಉರುಳೆ ಗಟ್ಟಿಯಾಗಿತ್ತು, ಕೊಹೇಯ್ ದುಡುಕಿದ್ದ. ಇಲ್ಲದಿದ್ದರೆ...

ಈಗಲೇ ಕೂಗಿದರೆ ಏನಾಗುತ್ತದೆಂದೂ ಅವಳಿಗೆ ಗೊತ್ತಿತ್ತು. ಅವತ್ತು ಹೊರಗಿನ, ಆ ದಡದ ಕರೆಂಟು ತಗೊಂಡಿದ್ವಿ ಅನ್ನುತ್ತಾನೆ. ಲೈನು ಎಳೆಸಿದ್ವಿ ಅನ್ನುತ್ತಾನೆ. ಕಡತ ಅದಲುಬದಲಾಗಿದೆ ಅನ್ನುತ್ತಾನೆ. ಇವನ ಬಾಯಿಗೆ ಇರುವ ಬಾಗಿಲುಗಳು ನಾಲ್ಕಲ್ಲ, ನಲವತ್ತು. ಒಂದೊಂದನ್ನೂ ಇವನ ಕೈಯಿಂದಲೇ ಮುಚ್ಚಿಸಬೇಕು.

ಅವಳು ಒಂದು ಹೆಜ್ಜೆ ಹಿಂದೆ ಸರಿದು, ಕೈಗಳನ್ನು ತೊಡೆಯ ಮೇಲೆ ಜೋಡಿಸಿ, ಸೊಂಟದಿಂದ ಬಾಗಿದಳು. ಆಳವಾಗಿ. ತಮ್ಮನ ಶವದ ಮುಂದೆ ಇವನು ಬಾಗಿದ್ದಕ್ಕಿಂತ ಆಳವಾಗಿ.

"ನಂದು ತಪ್ಪಾಯ್ತು, ಕುರೊಯಾನಾಗಿ-ಸಾನ್. ನೋಡದೆ ಮಾತಾಡಿದೆ."

ಮಿನೊಬೆ ಮುಖ ತಿರುಗಿಸಿದ. ಅಮಾನೋ ಗಂಟಲು ಸರಿಮಾಡಿಕೊಂಡ.

"ಏಳಿ, ಏಳಿ," ಎಂದ ಕುರೊಯಾನಾಗಿ, ಸ್ವಲ್ಪ ತಡೆದು. "ದುಃಖ ಮನುಷ್ಯನನ್ನ ಕುರುಡು ಮಾಡುತ್ತೆ."

"ದೂರು ವಾಪಸ್ ತಗೋತೀನಿ. ಆದ್ರೆ ಅಮ್ಮನಿಗೆ ಏನಂತ ಹೇಳಲಿ? ಅವಳು ನನ್ನ ಮಾತು ನಂಬಲ್ಲ. ನೀವು ಇಲ್ಲೇ ಅಳೆದ್ರಿ ಅಂತ ಎರಡು ಸಾಲು ಬರೆದು ಮೊಹರು ಒತ್ತಿ ಕೊಟ್ರೆ... ಮಿನೊಬೆ-ಸಾನ್ ಹತ್ರಾನೇ ಇರಲಿ. ನಂಗೆ ಬೇಡ."

"ಬರೀರಿ," ಎಂದ ಕುರೊಯಾನಾಗಿ ಮಿನೊಬೆಗೆ. ಗೆದ್ದವನ ಔದಾರ್ಯ. "ಮೇ 12ರಂದು, ಇದೇ ಹಾಲಿನಲ್ಲಿ, ಇದೇ ಯಂತ್ರದ ಪಕ್ಕ."

"ಹೊರಗಿನ ಕರೆಂಟಿರಲಿಲ್ಲ, ಈ ಜನರೇಟರೇ ಅಂತಾನೂ ಸೇರಿಸಿಬಿಡಿ," ಎಂದಳು ತೊಮೊಯೆ, ತಲೆ ತಗ್ಗಿಸಿಯೇ. "ಇಲ್ದಿದ್ರೆ ಐವತ್ತು ಎಲ್ಲಿಂದ ಬಂತು ಅಂತ ನನ್ನ ಹಾಗೇ ಇನ್ನೊಬ್ಬ ಹುಚ್ಚಿ ಕೇಳ್ತಾಳೆ."

"ಹೊರಗಿನ ಲೈನು ಈ ಹಾಲಿಗೆ ಯಾವತ್ತೂ ಬಂದೇ ಇಲ್ಲ," ಎಂದ ಅಮಾನೋ.

"ಸೇರಿಸಿ, ಸೇರಿಸಿ. ಸರಿಯಾದ ಮಾತೇ," ಎಂದ ಕುರೊಯಾನಾಗಿ.

ಅವನು ಒಳಜೇಬಿನಿಂದ, ಸಹಿಗೆ ಬದಲು ಒತ್ತುವ ಹೆಸರಿನ ಮೊಹರಿದ್ದ ಬೆರಳುದ್ದದ ಡಬ್ಬಿ ತೆಗೆದ. ಮೊಹರಿನ ತುದಿಗೆ ಬಾಯಿಂದ ಬಿಸಿಯುಸಿರು ಊದಿ, ಕೆಂಪು ಮಸಿಗೆ ಅದ್ದಿ, ಹೆಸರಿನ ಪಕ್ಕ ಒತ್ತಿದ. ಒತ್ತಿ, ಮಸಿ ಸರಿಯಾಗಿ ಕೂರಲೆಂದು ಬುಡವನ್ನು ಒಮ್ಮೆ ಸುತ್ತಲೂ ಅದುಮಿದ. ಅಚ್ಚುಕಟ್ಟಾದ ಮನುಷ್ಯ.

"ಒಂದು ಕೊನೇ ಕೋರಿಕೆ," ಎಂದಳು ತೊಮೊಯೆ. "ಈ ಹಾಲಿನದೂ ಒಂದು ದಾಖಲೆ ತಗೊಂಡು ಹೋಗ್ತೀನಿ. ನಿಮ್ಮದರಷ್ಟೇ ಉದ್ದ. ತಪ್ಪು ಮಾಡಿದ್ದು ನೆನಪಿರಲಿ ಅಂತ."

"ಒಂದು ಫ್ಲಾಪಿಗೆ ಹಿಡಿಸೋ ಅಷ್ಟು," ಎಂದು ಅವನು ನಕ್ಕ. "ಎರಡು ನಿಮಿಷ ನಲವತ್ತು ಸೆಕೆಂಡು. ನಾವೆಲ್ಲ ಅಷ್ಟೇ ತಗೊಳ್ಳೋದು. ಇನ್ನೊಂದು ಫ್ಲಾಪಿ ಹುಡುಕೋಕೆ ಯಾರಿಗೆ ಪುರುಸೊತ್ತು?"

ಅವಳು ಗುಂಡಿ ಒತ್ತಿದಳು. ನಾಲ್ವರೂ ಆ ಖಾಲಿ ಜಾಗದ ಸುತ್ತ ನಿಂತರು. ದೀಪ ಎರಡು ಸಲ ಮಂಕಾಯಿತು. ಮೂರನೇ ಸಲ ಮಂಕಾದಾಗ ಫ್ಲಾಪಿಯ ಹಸಿರು ಚುಕ್ಕೆ ಆರಿತು.

*

ವಾಹನ ನಿಲ್ಲಿಸುವ ಅಂಗಳದಲ್ಲಿ ಮಿನೊಬೆ ಅವಳ ಹಿಂದೆಯೇ ಬಂದ. ಕಂಕುಳಲ್ಲಿ ಕಡತ, ಕೈಯಲ್ಲಿ ಕಾಗದದಲ್ಲಿ ಸುತ್ತಿದ ಅನ್ನದ ಉಂಡೆ.

"ತಿನ್ನಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀವು. ಮುಖ ನೋಡಿದ್ರೆ ಗೊತ್ತಾಗುತ್ತೆ."

"ಆ ಮೊಹರು ಒತ್ತಿದ ಹಾಳೆ?"

"ಕಡತದಲ್ಲಿದೆ. ನಿಮ್ಮ ತಾಯಿಗೆ ನಕಲು ಕಳಿಸ್ತೀನಿ." ಅವನು ತಲೆ ಕೆರೆದುಕೊಂಡ. "ಇಕೆಗಾಯಾ-ಸಾನ್, ಅಷ್ಟು ಬಾಗಬೇಕಿರಲಿಲ್ಲ. ನಂಗೇ ನೋಡೋಕಾಗಲಿಲ್ಲ."

"ಲ್ಯಾಪ್‌ಟಾಪ್ ಎಲ್ಲಿ?"

"ಕೊಟ್ಟುಬಿಟ್ಟೆ."

ಅವಳು ತಿರುಗಿದಳು. "ಯಾರಿಗೆ?"

"ಅವರಿಗೇ. ನಿಮ್ಮ ದೂರಿನ ಮೇಲೆ ತಾನೇ ವಶಕ್ಕೆ ತಗೊಂಡಿದ್ದು? ನೀವು ಎಲ್ಲರೆದುರಿಗೆ ವಾಪಸ್ ತಗೊಂಡ್ರಿ. ಇಟ್ಕೊಳ್ಳೋಕೆ ನಂಗೆ ಹಕ್ಕಿಲ್ಲ. ಕೇಳಿದ್ರು, ಕೊಟ್ಟೆ. ಕಾರ್ಡು, ಲ್ಯಾಪ್‌ಟಾಪು, ಎಲ್ಲಾ." ಅವಳ ಮುಖ ನೋಡಿ ಅವನ ಮಾತು ನಿಧಾನವಾಯಿತು. "ಯಾಕೆ? ನಿಮ್ಮ ಹತ್ರ ನಕಲು ಇದೆಯಲ್ಲ?"

"ನಕಲನ್ನ ನಾನೇ ತಿದ್ದಿದೆ ಅಂತಾನೆ, ಮಿನೊಬೆ-ಸಾನ್. ಮೂಲ ಇಲ್ದಿದ್ರೆ ನಕಲು ಏನೂ ಅಲ್ಲ."

ಗೇಟಿನಾಚೆ ಬಿಳಿ ಕಾರೊಂದು ಸೇತುವೆಯ ಕಡೆ ತಿರುಗಿತು. ಹಿಂದಿನ ಗಾಜಿನಲ್ಲಿ ಕುರೊಯಾನಾಗಿಯ ಕೋಟು ಹ್ಯಾಂಗರಿನಲ್ಲಿ ತೂಗುತ್ತಿತ್ತು.

ಬಾಗಿದಾಗ ಇದೊಂದು ಲೆಕ್ಕ ಅವಳಿಗೆ ಹೊಳೆದಿರಲಿಲ್ಲ. ನಲವತ್ತು ಬಾಗಿಲು ಮುಚ್ಚಿಸುತ್ತ ನಲವತ್ತೊಂದನೆಯದನ್ನು ತಾನೇ ತೆರೆದು, ಮೂಲ ದಾಖಲೆಯನ್ನು ಅವನ ಕಾರಿನ ಸೀಟಿನ ಮೇಲೆ ಇಟ್ಟು ಕಳಿಸಿದ್ದಳು. ಆ ದಡ ಮುಟ್ಟಿದ ಮೇಲೆ ಅದು ಎಷ್ಟು ಹೊತ್ತು ಉಳಿಯುತ್ತದೆ?

"ಬೆನ್ನು ಹತ್ತೋಣವಾ?" ಎಂದ ಮಿನೊಬೆ. "ಆದ್ರೆ ಯಾವ ಕಾರಣಕ್ಕೆ? ಕಾರಣ ಕೊಡಿ, ಈಗಲೇ ಸೇತುವೆ ಮೇಲೆ ನಿಲ್ಲಿಸ್ತೀನಿ. ಕಾರಣ ಇಲ್ದೆ ನಿಲ್ಲಿಸಿದ್ರೆ ನಾಳೆ ನಾನೂ ಮೀಟರ್ ರಿಪೇರಿ ಕಲೀಬೇಕಾಗುತ್ತೆ."

"ಎರಡು ನಿಮಿಷ ಕೊಡಿ."

ಅವಳು ತನ್ನ ವ್ಯಾನಿನ ಬಾಗಿಲು ತೆರೆದು ಸ್ವಂತ ಲ್ಯಾಪ್‌ಟಾಪನ್ನು ಸೀಟಿನ ಮೇಲೆ ಬಿಚ್ಚಿದಳು. ಹಾಲಿನಲ್ಲಿ ತೆಗೆದ ಫ್ಲಾಪಿಯನ್ನು ತೂರಿಸಿದಳು. ಹತ್ತು ಹತ್ತು ಸೆಕೆಂಡಿನ ಹದಿನಾರು ತುಂಡು. ಪ್ರತಿ ತುಂಡಿನಲ್ಲೂ ಮೊದಲ ಅಲೆಯ ನೆತ್ತಿಯಿಂದ ಕೊನೆಯ ಅಲೆಯ ನೆತ್ತಿಗೆ ಎಷ್ಟು ಹೊತ್ತು, ನಡುವೆ ಎಷ್ಟು ಅಲೆ. ಹೀಗೆ ಮಾಡಿದರೆ ಹರ್ಟ್ಝಿನ, ಅಂದರೆ ಸೆಕೆಂಡಿಗೊಂದು ಅಲೆಯ, ನೂರನೇ ಪಾಲೂ ಕಾಣುತ್ತದೆ.

ಅಂಕಿಗಳು ಒಂದರ ಕೆಳಗೊಂದು ಇಳಿದವು. ಎಲ್ಲಕ್ಕಿಂತ ಕಡಿಮೆ 49.38. ಎಲ್ಲಕ್ಕಿಂತ ಹೆಚ್ಚು 50.09. ಅಮಾನೋನ ಮಂಡಿ.

"ಇದು ಈ ಹಾಲಿನ ಜನರೇಟರು," ಎಂದಳು. "ಏರಿಳಿತ ಸೊನ್ನೆ ಪಾಯಿಂಟ್ ಏಳು ಒಂದು. ಮೇ 12ರದ್ದೂ ಹೀಗೇ ಮುಗ್ಗರಿಸಿದ್ರೆ ಅವನು ಹೇಳಿದ್ದು ನಿಜ. ನಾನು ಬಾಗಿದ್ದೂ ನಿಜ ಆಗುತ್ತೆ."

"ಮುಗ್ಗರಿಸದಿದ್ರೆ?"

"ಅದು ಆ ದಡದ ದೊಡ್ಡ ಜಾಲದ ಕರೆಂಟು. ಅವನು ಮೊಹರು ಒತ್ತಿದ್ದು ಸುಳ್ಳಿಗೆ." ಅವಳು ಮೇ 12ರ ನಕಲನ್ನು ತೆರೆದಳು. ಬ್ಯಾಟರಿಯ ಕೆಂಪು ದೀಪ ಮಿನುಗತೊಡಗಿತ್ತು. ಬಿಳಿ ಕಾರು ಸೇತುವೆಯ ಕಬ್ಬಿಣದ ಕಮಾನಿನೊಳಗೆ ಹೊಕ್ಕಿತು. ಮಿನೊಬೆ ಅನ್ನದ ಉಂಡೆಯನ್ನು ವ್ಯಾನಿನ ಮೇಲಿಟ್ಟು, ಬಗ್ಗಿ, ತೆರೆಗೆ ಅಂಗೈಯಿಂದ ಬಿಸಿಲು ಮರೆಮಾಡಿದ.

ಒಂದನೇ ತುಂಡು ಬಂತು. ಎರಡನೆಯದು. ಎಂಟನೆಯದು. ಹದಿನಾರನೆಯದು.

ಅತಿ ಹೆಚ್ಚಿನದರಿಂದ ಅತಿ ಕಡಿಮೆಯದನ್ನು ಕಳೆದಾಗ ಉಳಿದದ್ದು 0.02 ಹರ್ಟ್ಝ್.